ಕ್ರೌನ್ ಪಿನಿಯನ್ ಬದಲಾವಣೆ: ತಪ್ಪು ಕಲ್ಪನೆ ಮತ್ತು ಸತ್ಯ

ಜೀಪಿನ ಆಕ್ಸಲ್ ಹೌಸಿಂಗ್ ಒಳಗೆ ಎಂಜಿನ್ನಿನ ಬಲವನ್ನು ಚಕ್ರಗಳತ್ತ ತಿರುಗಿಸುವ ಗಿಯರುಗಳು ಎರಡು. ಪ್ರೊಪೆಲ್ಲರ್ ಶಾಫ್ಟಿಗೆ ಸೇರಿದ ಸಣ್ಣದು ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ಕ್ರೌನಿನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್ನಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಆಕ್ಸಲ್ ರೇಶಿಯೊ ಸಿಗುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇದು 39ಕ್ಕೆ 8, ಅಂದರೆ 4.88. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗೆ ಬಂದ ಸಿಜೆ-2ಎ ಮಾದರಿಯಲ್ಲಿ 43ಕ್ಕೆ 8, ಅಂದರೆ 5.38. ಇದೇ ವಂಶದ ಜೀಪುಗಳನ್ನು ಮಹೀಂದ್ರ ಕಂಪನಿ ದಶಕಗಳ ಕಾಲ ಭಾರತದಲ್ಲಿ ತಯಾರಿಸಿದ್ದರಿಂದ, ಹಳೆ ಜೀಪು ಇಟ್ಟುಕೊಂಡವರ ಬಾಯಲ್ಲಿ ಇಂಥ ಅಂಕಿಗಳು ಸಲೀಸಾಗಿ ಓಡಾಡುತ್ತವೆ. ಸಂಡೂರು ತಾಲ್ಲೂಕಿನ ಯಶವಂತನಗರದ ಸುತ್ತಮುತ್ತಲಿನಂತೆ ಏರು ಗುಡ್ಡ, ಹಳ್ಳ, ಕೆಂಪು ಅದಿರಿನ ದೂಳು ಮೂರೂ ಇರುವ ಕಡೆ ಕ್ರೌನ್ ಬದಲಿಸುವ ಆಸೆಯೂ ಹೆಚ್ಚು, ಅದರ ಬಗೆಗಿನ ತಪ್ಪು ತಿಳಿವಳಿಕೆಯೂ ಹೆಚ್ಚು.

ಅಂಕಿ ದೊಡ್ಡದಾದಷ್ಟೂ ಗಿಯರ್ ಗಟ್ಟಿ ಎಂಬುದು ಮೊದಲನೆಯ ನಂಬಿಕೆ. ಗಟ್ಟಿತನಕ್ಕೂ ರೇಶಿಯೊಗೂ ಅಂಥ ನಂಟಿಲ್ಲ. 4.88 ತೆಗೆದು 5.38 ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಅದೇ ವೇಗದಲ್ಲಿ ಎಂಜಿನ್ ನೂರಕ್ಕೆ ಹತ್ತರಷ್ಟು ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಗುಡ್ಡ ಹತ್ತುವಾಗ ಬಂದ ಲಾಭ ಹೊಸಪೇಟೆಯ ಹೆದ್ದಾರಿಯಲ್ಲಿ ಡೀಸೆಲ್ ಖರ್ಚಾಗಿ, ಸದ್ದಾಗಿ ಹೊರಗೆ ಹೋಗುತ್ತದೆ. ಕ್ರೌನಿನ ಅಳತೆ ಅಷ್ಟೇ ಇದ್ದು ರೇಶಿಯೊ ಏರಿದರೆ ಪಿನಿಯನ್ ಸಾಮಾನ್ಯವಾಗಿ ಸಣ್ಣದಾಗುತ್ತದೆ, ಆದ್ದರಿಂದ ಬಲಹೀನವೂ ಆಗುತ್ತದೆ. ದೊಡ್ಡ ಟೈರು ಹಾಕಿದವರಿಗೆ ಮಾತ್ರ ಈ ಬದಲಾವಣೆಗೆ ನಿಜವಾದ ಕಾರಣವಿದೆ. 28 ಇಂಚಿನ ಟೈರಿನ ಜಾಗಕ್ಕೆ 31 ಇಂಚಿನದು ಬಂದರೆ, 4.10 ರೇಶಿಯೊದ ಗಾಡಿಗೆ ಹಳೆಯ ಎಳೆತ ಮರಳಬೇಕಾದರೆ 4.10 × 31 ÷ 28, ಅಂದರೆ ಸುಮಾರು 4.54 ಬೇಕು. ಮಾರುಕಟ್ಟೆಯಲ್ಲಿ ಅದಕ್ಕೆ ಹತ್ತಿರದ್ದು 4.56.

ಹಿಂದಿನ ಆಕ್ಸಲ್ ಒಂದನ್ನೇ ಬದಲಿಸಿದರೆ ಸಾಕು, ಮುಂದಿನದು ಹೇಗೂ ಅಪರೂಪಕ್ಕೆ ಬಳಕೆ ಎಂಬ ಮಾತು ದುಬಾರಿಯಾದೀತು. ಫೋರ್ ವೀಲ್ ಹಾಕಿದೊಡನೆ ಟ್ರಾನ್ಸ್‌ಫರ್ ಕೇಸ್ ಮುಂದಿನ, ಹಿಂದಿನ ಎರಡೂ ಪ್ರೊಪೆಲ್ಲರ್ ಶಾಫ್ಟುಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಎರಡೂ ಕಡೆ ರೇಶಿಯೊ ಬೇರೆಯಾದರೆ ಮುಂದಿನ ಚಕ್ರಗಳು ಒಂದು ವೇಗ ಕೇಳುತ್ತವೆ, ಹಿಂದಿನವು ಇನ್ನೊಂದು. ಸಡಿಲ ಮಣ್ಣಿನಲ್ಲಿ ಟೈರು ಜಾರಿ ಹೇಗೋ ನಿಭಾಯಿಸುತ್ತದೆ. ಬಂಡೆಯ ಮೇಲೋ ಡಾಂಬರಿನ ಮೇಲೋ ಜಾರಲು ಆಸ್ಪದವಿಲ್ಲದೆ ಒತ್ತಡವೆಲ್ಲ ಜಾಯಿಂಟುಗಳ ಮೇಲೆ, ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ.

ಸವೆದದ್ದು ಪಿನಿಯನ್ ಮಾತ್ರ, ಅದೊಂದನ್ನೇ ತಂದರಾಯಿತು ಎನ್ನುವವರೂ ಇದ್ದಾರೆ. ಕಾರ್ಖಾನೆಯಲ್ಲಿ ಪ್ರತಿ ಕ್ರೌನನ್ನೂ ಅದರ ಪಿನಿಯನ್ನನ್ನೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿರುತ್ತಾರೆ. ಸಂಖ್ಯೆ ಹೊಂದದ ಜೋಡಿ, ಎಷ್ಟು ಅಗ್ಗಕ್ಕೆ ಸಿಕ್ಕರೂ, ಗುಜರಿ ಸಾಮಾನೇ.

ಕೆಲಸದ ಜೀವಾಳ ಇರುವುದು ಇನ್ನು ಮುಂದೆ. ಪಾನಾ, ಪುಲ್ಲರ್, ಒಳ್ಳೆಯ ಜಾಕ್ ಮತ್ತು ರಟ್ಟೆಯ ಬಲ ಇದ್ದರೆ ಯಾರು ಬೇಕಾದರೂ ಮಾಡಬಹುದು ಎಂಬುದು ಅರ್ಧ ಸತ್ಯ. ಬಿಚ್ಚುವುದಕ್ಕೆ ಅಷ್ಟು ಸಾಕು. ಜೋಡಿಸುವುದು ಅಳತೆಯ ಕೆಲಸ. ಪಿನಿಯನ್ ಎಷ್ಟು ಒಳಗೆ ಕೂರಬೇಕೆಂಬುದನ್ನು ನಿರ್ಧರಿಸುವುದು ಕಾಗದದಷ್ಟು ತೆಳುವಾದ ಶಿಮ್‌ಗಳು. ಹಳೆಯ ಶಿಮ್‌ಗಳನ್ನೇ ಹಾಕಿದರೆ ಹಳೆಯ ಹೊಂದಾಣಿಕೆಯೇ ಬರುತ್ತದೆಂದು ತಿಳಿಯುವುದು ತಪ್ಪು. ಹೊಸ ಪಿನಿಯನ್ನಿನ ತಲೆಯ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸವಿರಬಹುದು. ಅನೇಕ ಪಿನಿಯನ್‌ಗಳ ತಲೆಯ ಮೇಲೆ ಆ ವ್ಯತ್ಯಾಸವನ್ನು ಪ್ಲಸ್ ಅಥವಾ ಮೈನಸ್ ಗುರುತಿನೊಂದಿಗೆ ಬರೆದೇ ಇರುತ್ತಾರೆ. ಹಳೆಯ ಶಿಮ್ ಲೆಕ್ಕ ಶುರು ಮಾಡುವುದಕ್ಕೆ ಒಂದು ಅಂದಾಜು ಮಾತ್ರ.

ಹಲ್ಲುಗಳ ನಡುವಿನ ಆಟ, ಅಂದರೆ ಬ್ಯಾಕ್‌ಲ್ಯಾಶ್, ಸರಿಯಿದ್ದರೆ ಎಲ್ಲವೂ ಸರಿ ಎಂಬ ನಂಬಿಕೆ ಕೆಲವು ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಕ್ರೌನಿನ ಹಲ್ಲಿಗೆ ಡಯಲ್ ಗೇಜ್ ನೇರವಾಗಿ ತಾಗಿಸಿ, ಸುತ್ತಲೂ ಮೂರು ನಾಲ್ಕು ಕಡೆ ಅಳೆದಾಗ ಬಹುತೇಕ ಹಗುರ ವಾಹನಗಳಲ್ಲಿ 0.13ರಿಂದ 0.20 ಮಿ.ಮೀ. ಆಸುಪಾಸಿನ ಆಟ ಇರಬೇಕು. ಆಯಾ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ. ಆದರೆ ಪಿನಿಯನ್ ತಪ್ಪು ಆಳದಲ್ಲಿ ಕೂತಿದ್ದರೂ ಕ್ರೌನನ್ನು ಆಚೀಚೆ ಸರಿಸಿ ಈ ಆಟವನ್ನು ಸರಿಯಾಗಿ ತೋರಿಸಬಹುದು. ಆಳ ಹೇಳುವುದು ಬಣ್ಣ. ಕೆಲವು ಹಲ್ಲುಗಳಿಗೆ ಬಣ್ಣದ ಪೇಸ್ಟ್ ತೆಳುವಾಗಿ ಬಳಿದು, ಕ್ರೌನನ್ನು ಸ್ವಲ್ಪ ತಡೆಹಿಡಿದು ಪಿನಿಯನ್ ತಿರುಗಿಸಿದರೆ ಹಲ್ಲು ಹಲ್ಲಿಗೆ ತಾಗಿದ ಜಾಗದಲ್ಲಿ ಗುರುತು ಮೂಡುತ್ತದೆ. ಗುರುತು ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ತೀರಾ ಒಳಗಿದೆ, ತುದಿಯಲ್ಲಿ ಬಿದ್ದರೆ ತೀರಾ ಹೊರಗಿದೆ, ಎತ್ತರದ ನಡುಭಾಗದಲ್ಲಿ ಬಿದ್ದರೆ ಸರಿಯಿದೆ. ಇದಕ್ಕಾಗಿ ಬೇರಿಂಗ್ ಕಿತ್ತು, ಶಿಮ್ ಬದಲಿಸಿ, ಮತ್ತೆ ಕೂರಿಸುವ ಸರ್ತಿಗಳಿಗೆ ಲೆಕ್ಕವಿಲ್ಲ. ಬೇಸರವೇ ಇಲ್ಲಿ ದೊಡ್ಡ ಶತ್ರು.

ಪಿನಿಯನ್ ನಟ್ಟನ್ನು ಏರ್ ಗನ್ನಿನಿಂದ ಆದಷ್ಟೂ ಬಿಗಿಯಬೇಕು ಎಂಬುದು ಬೇರಿಂಗ್ ಸುಡುವ ಸಲಹೆ. ಬೇರಿಂಗಿಗೆ ಬೇಕಾದದ್ದು ನಿಗದಿತ ಬಿಗುವು. ಎರಡು ಬೇರಿಂಗುಗಳ ನಡುವೆ ಕುಗ್ಗುವ ಕೊಳವೆ ಇರುವ ಮಾದರಿಗಳಲ್ಲಿ ಹದ ಮೀರಿ ಬಿಗಿದರೆ ನಟ್ಟು ಸಡಿಲಿಸಿ ಸರಿಪಡಿಸಲಾಗದು, ಹೊಸ ಕೊಳವೆಯೇ ಬೇಕು. ಬಿಗುವು ಅಳೆಯಲು ದುಬಾರಿ ಉಪಕರಣವಿಲ್ಲದಿದ್ದರೂ ನಡೆಯುತ್ತದೆ. ಫ್ಲ್ಯಾಂಜಿಗೆ ದಾರ ಸುತ್ತಿ, ಅದರ ತುದಿಯನ್ನು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಒಂದೇ ಸಮನೆ ಎಳೆಯಬೇಕು. ಫ್ಲ್ಯಾಂಜಿನ ತ್ರಿಜ್ಯ 5 ಸೆಂ.ಮೀ. ಇದ್ದು, ತಿರುಗುತ್ತಿರುವಾಗ ತಕ್ಕಡಿ 4 ಕೆ.ಜಿ. ತೋರಿಸಿದರೆ ಬಿಗುವು ಸುಮಾರು 2 ನ್ಯೂಟನ್ ಮೀಟರ್. ಹೊಸ ಬೇರಿಂಗುಗಳಿಗೆ ಸಾಮಾನ್ಯವಾಗಿ ಹೇಳುವ ಮಟ್ಟ ಇದೇ ಸುಮಾರಿನದು.

ಹಾಗಾದರೆ ಇಡೀ ಕೆಲಸ ಮನೆಯಲ್ಲಿ ಆಗದೇ? ಗಿಯರುಗಳ ಸಮೇತ ಇಡೀ ಡಿಫರೆನ್ಷಿಯಲ್ ಗಡ್ಡೆ ಮುಂದಿನಿಂದ ಕಳಚಿ ಬರುವ ಹೌಸಿಂಗ್ ಆದರೆ ಆಕ್ಸಲ್ ಎಳೆದು, ಗಡ್ಡೆ ಬಿಚ್ಚಿ, ಹೊಂದಿಸುವುದನ್ನು ಮಾತ್ರ ಅನುಭವಿ ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಜಾಣತನ. ಹಳೆ ಜೀಪುಗಳಂತೆ ಹೌಸಿಂಗ್ ಒಳಗೇ ಎಲ್ಲವನ್ನೂ ಹೊಂದಿಸಬೇಕಾದ ಕಡೆ, ಹೊಸಬರು ಮೊದಲ ಸಲ ಬಲ್ಲವರ ಜೊತೆ ಕೂತು ಮಾಡುವುದೇ ಲೇಸು.

ಹೊಸ ಗಿಯರ್ ಹೂಂಕರಿಸಿದರೆ ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ, ಇಲ್ಲವಾದರೆ ದಪ್ಪ ಆಯಿಲ್ ಹಾಕಿದರಾಯಿತು ಎಂಬುದೂ ಸುಳ್ಳೇ. ಸದ್ದು ತಪ್ಪು ಹೊಂದಾಣಿಕೆಯ ದೂರು. ದಪ್ಪ ಆಯಿಲ್ ಅದನ್ನು ಕೆಲ ದಿನ ಮುಚ್ಚಿಡಬಹುದಷ್ಟೆ. ಈ ಬಗೆಯ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಹೌಸಿಂಗಿಗೆ ಜಿಎಲ್-5 ದರ್ಜೆಯ ಆಯಿಲೇ ಬೇಕು, 90 ನಂಬರಿನದು ಯಾವುದಾದರೂ ಆದೀತು ಎನ್ನುವಂತಿಲ್ಲ. ಹಾಗೆಂದು ಉಳಿದದ್ದನ್ನು ಗಿಯರ್ ಬಾಕ್ಸಿಗೆ ಸುರಿಯಬಾರದು. ಕೆಲವು ಜಿಎಲ್-5 ಆಯಿಲುಗಳು ಅಲ್ಲಿನ ಹಿತ್ತಾಳೆಯ ಬಿಡಿಭಾಗಗಳಿಗೆ ಹಾನಿಕರ.

ಹೌಸಿಂಗಿಗೆ ಗಾಳಿಯಾಡಲು ಇರುವ ಬ್ರೀದರ್ ಕೊಳವೆಯನ್ನು ಯಾರೂ ನೆನೆಯುವುದಿಲ್ಲ. ಅದಿರಿನ ದೂಳು ಕಟ್ಟಿ ಅದು ಮುಚ್ಚಿಕೊಂಡಿದ್ದು, ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತ ಕೆಂಪು ದೂಳನ್ನು ಹಿಡಿದಿಡುತ್ತದೆ ಎಂದೂ ನಂಬುವಂತಿಲ್ಲ. ಅದಿರಿನಲ್ಲಿ ಕಬ್ಬಿಣವಿರುವುದು ನಿಜ, ಆದರೆ ಸಂಡೂರಿನ ಕೆಂಪು ಅದಿರಾದ ಹೆಮಟೈಟ್ ಅಯಸ್ಕಾಂತಕ್ಕೆ ತೀರಾ ದುರ್ಬಲವಾಗಿ ಸ್ಪಂದಿಸುತ್ತದೆ. ಪ್ಲಗ್ಗಿಗೆ ಅಂಟುವುದು ಗಿಯರಿನ ಉಕ್ಕು. ದೂಳು ಆಯಿಲಿನಲ್ಲೇ ಉಳಿದು ಬೇರಿಂಗ್ ಉಜ್ಜುತ್ತದೆ. ಅದಕ್ಕೆ ಆಯಿಲ್ ಬದಲಿಸುವುದೊಂದೇ ಮದ್ದು.

ಹೊಸ ಗಿಯರನ್ನು ಮೊದಲ ದಿನವೇ ಗುಡ್ಡಕ್ಕೆ ಹತ್ತಿಸಿ ಪರೀಕ್ಷಿಸಬೇಕೆಂಬ ಉತ್ಸಾಹವೂ ತಪ್ಪೇ. ಮೊದಲ 25 ಕಿ.ಮೀ. ಹಗುರವಾಗಿ ಓಡಿಸಿ ಪೂರ್ತಿ ಆರಲು ಬಿಡಬೇಕು. ಸುಮಾರು 800 ಕಿ.ಮೀ.ವರೆಗೆ ಭಾರ ಎಳೆಸಬಾರದು. ಆಮೇಲೆ ಆಯಿಲ್ ಇಳಿಸಿದಾಗ ಪ್ಲಗ್ಗಿನ ಮೇಲೆ ಬೂದುಬಣ್ಣದ ನುಣ್ಣನೆಯ ಮಡ್ಡಿ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಹೌಸಿಂಗನ್ನು ಮತ್ತೆ ಬಿಚ್ಚಬೇಕು.