ತಿಗರಿಯಿಲ್ಲದ ಕುಂಬಾರಿಕೆ

ಪರದೆಯ ಮೇಲೆ ಮಣ್ಣಿನ ಮುದ್ದೆಯೊಂದರ ಚಿತ್ರ ಗಿರಗಿರನೆ ತಿರುಗುತ್ತಿತ್ತು. ನೋಡುಗರು ಲೇಸರ್ ಬೆಳಕಿನ ಗೆರೆಯಲ್ಲಿ ಕೈ ಆಡಿಸಿದರೆ ಸಾಕು, ಅದು ಅಲ್ಲಿ ತಗ್ಗಿ ಇಲ್ಲಿ ಉಬ್ಬಿ ಹೂಜಿಯೋ ಕುಡಿಕೆಯೋ ಆಗುತ್ತಿತ್ತು. ಅಂಥ ಆಕಾರಗಳನ್ನು ನಿಜವಾದ ಮಣ್ಣಿನಲ್ಲಿ, ಸುತ್ತಿನ ಮೇಲೆ ಸುತ್ತು ಇಡುತ್ತ, ಒಂದು ಯಂತ್ರ ಕಟ್ಟಿಕೊಡುತ್ತಿತ್ತು. 2010ರಲ್ಲಿ ಬೆಲ್ಜಿಯಂನ ಹ್ಯಾಸೆಲ್ಟ್ ಪಟ್ಟಣದ ಜೆಡ್33 ಕಲಾಕೇಂದ್ರದಲ್ಲಿ ಇದನ್ನು ಪ್ರದರ್ಶಿಸಿದ್ದು ಆಂಟ್ವರ್ಪ್‌ನ ‘ಅನ್‌ಫೋಲ್ಡ್’ ವಿನ್ಯಾಸ ಸ್ಟುಡಿಯೊ. ಮಣ್ಣನ್ನು ಮುದ್ರಿಸುವ ಹೊಸ ಕಲೆಯ ಆರಂಭದ ಹೆಜ್ಜೆಗಳಲ್ಲಿ ಇದೂ ಒಂದು.

ಈ ಯಂತ್ರ ನಮ್ಮ ಅಡುಗೆಮನೆಯ ಚಕ್ಕುಲಿ ಒರಳಿನ ಬಂಧು. ಮೊದಲು ಕಂಪ್ಯೂಟರಿನಲ್ಲಿ ಪಾತ್ರೆಯ ಮೂರು ಆಯಾಮದ ಮಾದರಿ ಸಿದ್ಧವಾಗುತ್ತದೆ. ಇನ್ನೊಂದು ತಂತ್ರಾಂಶ ಅದನ್ನು ತೆಳು ಪದರಗಳಾಗಿ ಸೀಳಿ, ಯಂತ್ರದ ಮೂತಿ ಸಾಗಬೇಕಾದ ದಾರಿಯನ್ನು ಬರೆದುಕೊಡುತ್ತದೆ. ಕೊಳವೆಯಲ್ಲಿ ತುಂಬಿದ ಹಸಿಮಣ್ಣನ್ನು ಒತ್ತಡದ ಗಾಳಿಯೋ ತಿರುಪೋ ತಳ್ಳಿದಾಗ, ಕೆಲವೇ ಮಿಲಿಮೀಟರ್ ದಪ್ಪದ ಎಳೆ ಹೊರಬರುತ್ತದೆ. ಎಳೆ ಹೊಸೆದು ಸುರುಳಿ ಸುತ್ತಿ ಮಡಕೆ ಕಟ್ಟುವುದು ತಿಗರಿಗಿಂತಲೂ ಹಳೆಯ ವಿದ್ಯೆ. ಹೊಸ ಯಂತ್ರ ಹಿಡಿದಿರುವುದೂ ಅದೇ ದಾರಿ.

ಚಕ್ಕುಲಿಯಂತೆ ಇಲ್ಲೂ ಹದವೇ ಎಲ್ಲ. ಮಣ್ಣು ತೆಳುವಾದರೆ ಗೋಡೆ ಕುಸಿಯುತ್ತದೆ, ಗಟ್ಟಿಯಾದರೆ ಎಳೆ ತುಂಡಾಗುತ್ತದೆ. ಹೊರಕ್ಕೆ ತೀರಾ ಚಾಚಿದ ಆಕಾರ ತನ್ನ ಭಾರಕ್ಕೇ ಬಾಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ದೊಣ್ಣೆ ಇಲ್ಲಿ ಗಾಳಿಗುಳ್ಳೆ. ಮಣ್ಣಿನೊಳಗೆ ಒಂದೇ ಒಂದು ಉಳಿದಿದ್ದರೂ ಮೂತಿಯಲ್ಲಿ ಸಿಡಿದು, ಗಂಟೆಗಟ್ಟಲೆ ಕಟ್ಟಿದ್ದನ್ನು ಕೆಡಿಸಬಲ್ಲದು. ಮುದ್ರಿಸಿದ ಪಾತ್ರೆ ನಿಧಾನವಾಗಿ ಒಣಗಬೇಕು, ಸುಮಾರು 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಬೇಕು, ಹೊಳಪಿನ ಲೇಪ ಹಚ್ಚಿಸಿಕೊಂಡು ಮತ್ತೆ ಬೇಯಬೇಕು. ಒಣಗುವಾಗಲೂ ಬೇಯುವಾಗಲೂ ಅದು ಕುಗ್ಗುವುದರಿಂದ, ಮಾದರಿಯನ್ನು ಮೊದಲೇ ತುಸು ದೊಡ್ಡದಾಗಿ ರೂಪಿಸಿರಬೇಕು. ಎಷ್ಟು ದೊಡ್ಡದು ಎಂಬುದನ್ನು ಆಯಾ ಮಣ್ಣಿನೊಡನೆ ಪಳಗಿದವರೇ ಹೇಳಬೇಕು.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಜೊನಾಥನ್ ಕೀಪ್ ಹಾಗೆ ಪಳಗಿದ ಕುಂಬಾರರು. ಈಗ ಅವರು ಕಂಪ್ಯೂಟರ್ ಕೋಡ್ ಬರೆದು ಆಕಾರಗಳನ್ನು ಹುಟ್ಟಿಸುತ್ತಾರೆ. ಮಣ್ಣಿನ ಮುದ್ರಣ ಯಂತ್ರವನ್ನು ತಾವೇ ಕಟ್ಟಿ, ಅದರ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಹಂಚಿದರು. ನೆದರ್ಲೆಂಡ್ಸ್‌ನ ಒಲಿವಿಯರ್ ವಾನ್ ಹರ್ಪ್ಟ್ ತಮ್ಮ ಯಂತ್ರದ ಪೀಠದ ಕೆಳಗೆ ಧ್ವನಿವರ್ಧಕ ಇಟ್ಟ ಪ್ರಯೋಗವೂ ಸೊಗಸಾದದ್ದು. ನಾದದ ಕಂಪನ ಪಾತ್ರೆಯ ಮೈಮೇಲೆ ನೇಯ್ಗೆಯಂಥ ವಿನ್ಯಾಸವಾಗಿ ಉಳಿಯಿತು. ಕೈಗೆ ಎಟುಕದ ಇಂಥ ಕುಸುರಿಯೇ ಯಂತ್ರದ ನಿಜವಾದ ಕೊಡುಗೆ.

2012ರ ಇಸ್ತಾಂಬುಲ್ ವಿನ್ಯಾಸ ಮೇಳಕ್ಕಾಗಿ ಅನ್‌ಫೋಲ್ಡ್ ಇನ್ನೊಂದು ಕೆಲಸ ಮಾಡಿತು. ಒಂದೇ ಬಗೆಯ ಡಿಜಿಟಲ್ ಕಡತಗಳನ್ನು ಬೇರೆ ಬೇರೆ ಕಡೆಯ ತಯಾರಕರಿಗೆ ಕಳುಹಿಸಿ, ಅಲ್ಲಲ್ಲಿನ ಮಣ್ಣಿನಲ್ಲೇ ಮುದ್ರಿಸಲು ಹೇಳಿತು. ಕಡತ ಒಂದೇ ಆದರೂ, ಮಣ್ಣು ಮತ್ತು ಮಾಡುವವರು ಬದಲಾದಂತೆ ಪಾತ್ರೆಯೂ ಬದಲಾಯಿತು. ಆದ್ದರಿಂದ ಈ ಯಂತ್ರ ಕೊಳ್ಳುವ ವಿನ್ಯಾಸ ಶಾಲೆಗಳು ಹತ್ತಿರದ ಕುಂಬಾರರನ್ನೂ ಗುರುಗಳಾಗಿ ಕರೆಸಿಕೊಳ್ಳಲಿ. ಮಣ್ಣಿನ ಹದ ಕಲಿಸಬಲ್ಲವರು ಅವರೇ.