ಸ್ಟಾರ್ಟ್ ಆಗದ ಬೈಕು: ರೋಗಪತ್ತೆಯ ಭೌತವಿಜ್ಞಾನ

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬೆಳಗಿನ ಪಾಳಿಗೆ ಬರುವ ಅನೇಕ ಯುವಕರ ಮೊದಲ ವಾಹನ ಯಾರೋ ಹತ್ತು ವರ್ಷ ಓಡಿಸಿ ಮಾರಿದ 100 ಸಿಸಿ ಬೈಕು. ಅದು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತದೆ. ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ನಿಂತುಬಿಟ್ಟರೆ ಜೀವಕ್ಕೇ ಅಪಾಯ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ನಡೆಯುವುದು ಭಾಗಗಳ ಬದಲಾವಣೆ: ಮೊದಲು ಪ್ಲಗ್, ನಂತರ ಕಾರ್ಬುರೇಟರ್, ಆಮೇಲೆ ಸಿಡಿಐ. ಯಾವುದೋ ಒಂದು ಹಂತದಲ್ಲಿ ರೋಗ ವಾಸಿಯಾಗುತ್ತದೆ, ಆದರೆ ಬಿಲ್ ಮಾತ್ರ ಎಲ್ಲದಕ್ಕೂ. ಪ್ರೌಢಶಾಲೆ ಮತ್ತು ಪಿಯುಸಿಯ ಭೌತವಿಜ್ಞಾನವಿಷ್ಟೇ ಬಳಸಿ ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬಹುದು.

ಪೆಟ್ರೋಲ್ ಎಂಜಿನ್ ನಡೆಯಲು ಮೂರು ಬೇಕು: ಸರಿಯಾದ ಪ್ರಮಾಣದ ಗಾಳಿ-ಇಂಧನ ಮಿಶ್ರಣ, ಸಾಕಷ್ಟು ಸಂಪೀಡನ, ಸಕಾಲದಲ್ಲಿ ಬಲವಾದ ಕಿಡಿ. ಯಾವುದು ಇಲ್ಲವೆಂದು ಊಹಿಸುವುದಕ್ಕಿಂತ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಪರೀಕ್ಷೆ ಯಾವುದೆಂದು ಕೇಳಬೇಕು.

ಕಿಡಿಯಿಂದ ಆರಂಭಿಸೋಣ. ಪ್ಲಗ್ ಬಿಚ್ಚಿ, ಅದರ ಲೋಹದ ಭಾಗವನ್ನು ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆದು, 'ಕರೆಂಟ್ ಬರ್ತಾ ಇದೆ ಸಾರ್' ಎಂದು ಮೆಕ್ಯಾನಿಕ್ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಈ ಪರೀಕ್ಷೆ ಅರ್ಧ ಸತ್ಯ. ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಅಂತರವನ್ನು ಮಾತ್ರ ಅವಲಂಬಿಸಿಲ್ಲ, ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಜರ್ಮನಿಯ ಫ್ರೀಡ್ರಿಷ್ ಪಾಶೆನ್ 1889ರಲ್ಲಿ ತೋರಿಸಿದ. ನಿಖರವಾಗಿ ಹೇಳುವುದಾದರೆ ಒತ್ತಡದ ಸ್ಥಾನದಲ್ಲಿ ಅನಿಲದ ಸಾಂದ್ರತೆ ಇರಬೇಕು. ಪ್ಲಗ್‌ನ ಅಂತರ 0.7 ಮಿ.ಮೀ. ಎನ್ನೋಣ. ಬಯಲಿನಲ್ಲಿ ಅದನ್ನು ದಾಟಲು ಸುಮಾರು 3,000 ವೋಲ್ಟ್ ಸಾಕು. ಆದರೆ ಸಿಲಿಂಡರಿನೊಳಗೆ ಸಂಪೀಡನದ ಕೊನೆಯಲ್ಲಿ ಸಾಂದ್ರತೆ ಏಳೆಂಟು ಪಟ್ಟು ಏರಿರುತ್ತದೆ. ಅಂದರೆ ಒಳಗಿನ 0.7 ಮಿ.ಮೀ. ಹೊರಗಿನ 5 ಮಿ.ಮೀ.ಗೆ ಸಮ, ಅದಕ್ಕೆ 10,000 ವೋಲ್ಟಿಗಿಂತ ಹೆಚ್ಚು ಬೇಕು. ಸೊರಗಿದ ಕಾಯಿಲ್ ಹೊರಗೆ ಕಿಡಿ ಕೊಟ್ಟು ಒಳಗೆ ಕೈಕೊಡಬಹುದು. ಆದ್ದರಿಂದ ಹಳೆಯ ಪ್ಲಗ್ ಒಂದರ ಹೊರ ವಿದ್ಯುದ್ವಾರವನ್ನು ಬಗ್ಗಿಸಿ 5 ಮಿ.ಮೀ. ಅಂತರ ಮಾಡಿ, ಅದನ್ನು ಎಂಜಿನ್‌ಗೆ ಭದ್ರವಾಗಿ ತಾಗಿಸಿ ಪರೀಕ್ಷಿಸಿ. ನೀಲಿ ಕಿಡಿ ಚಟಪಟನೆ ಹಾರಿದರೆ ಕಾಯಿಲ್ ಆರೋಗ್ಯವಾಗಿದೆ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಹೊಮ್ಮುವುದರಿಂದ ಅದರ ಬಳಿ ಮಾತ್ರ ಇದನ್ನು ಮಾಡಬೇಡಿ.

ಇದೇ ನಿಯಮ ಇನ್ನೊಂದು ದೂರನ್ನೂ ವಿವರಿಸುತ್ತದೆ. ಸಮತಟ್ಟಿನಲ್ಲಿ ಸಲೀಸಾಗಿ ಓಡುವ ಬೈಕು ಮೇಲ್ಸೇತುವೆ ಏರುವಾಗ, ಥ್ರಾಟಲ್ ಪೂರ್ತಿ ತಿರುಗಿಸಿದಾಗ ಜಗ್ಗುತ್ತದೆ. ಥ್ರಾಟಲ್ ತೆರೆದಷ್ಟೂ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗಿ ಸಾಂದ್ರತೆ ಏರುತ್ತದೆ, ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತದೆ. ಸವೆದು ಅಂತರ ಹೆಚ್ಚಿದ ಪ್ಲಗ್ ಇದ್ದರಂತೂ ಹೇಳಬೇಕಾಗಿಲ್ಲ. ಪೀಣ್ಯದ ಯಾವ ವರ್ಕ್‌ಶಾಪಿನಲ್ಲಾದರೂ ಫೀಲರ್ ಗೇಜ್ ಇದ್ದೇ ಇರುತ್ತದೆ. ಅಂತರ ಅಳೆಯಲು ಒಂದು ನಿಮಿಷ ಸಾಕು.

ಈಗ ಸಂಪೀಡನ. ಸಂಪೀಡನ ಅನುಪಾತ 9 ಇರುವ ಎಂಜಿನ್‌ನಲ್ಲಿ, ಡಿಸೆಂಬರಿನ 15 ಡಿಗ್ರಿ ಸೆಲ್ಸಿಯಸ್ ಬೆಳಗಿನ ಗಾಳಿಯನ್ನು ಶಾಖ ಸೋರದಂತೆ ಒತ್ತಿದರೆ ಅದರ ತಾಪ 288 ಕೆಲ್ವಿನ್‌ನಿಂದ ಸುಮಾರು 690 ಕೆಲ್ವಿನ್‌ಗೆ ಏರಬೇಕು. ಗೋಡೆಗಳಿಗೆ ಶಾಖ ಹೋಗುವುದರಿಂದ ಅಷ್ಟು ಏರುವುದಿಲ್ಲ, ಆದರೂ ಈ ಬಿಸಿಯೇ ಇಂಧನದ ಹನಿಗಳನ್ನು ಆವಿಯಾಗಿಸುತ್ತದೆ. ರಿಂಗ್ ಸವೆದಿದ್ದರೆ ಅನಿಲ ಸೋರುತ್ತದೆ. ಕಿಕ್ ಹೊಡೆಯುವಾಗ ಎಂಜಿನ್ ನಿಮಿಷಕ್ಕೆ 300 ಸುತ್ತು ತಿರುಗಿತೆನ್ನಿ, ಒಂದು ಸಂಪೀಡನಕ್ಕೆ 0.1 ಸೆಕೆಂಡು, 5,000 ಸುತ್ತಿನಲ್ಲಿ ಕೇವಲ 0.006 ಸೆಕೆಂಡು. ಸೋರಲು ಸಮಯವೇ ಇಲ್ಲ! 'ತಳ್ಳಿದರೆ ಸ್ಟಾರ್ಟ್ ಆಗುತ್ತೆ, ಆಮೇಲೆ ಚೆನ್ನಾಗಿ ಓಡುತ್ತೆ' ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ದೃಢಪಡಿಸಲು ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ನಾಲ್ಕಾರು ಕಿಕ್ ಹೊಡೆಯಿರಿ. ಕಿಕ್ ಬಿಗಿಯಾದರೆ ಎಣ್ಣೆ ರಿಂಗ್‌ನ ಸಂದನ್ನು ಮುಚ್ಚಿದೆ, ದೋಷ ಅಲ್ಲಿದೆ. ಬಿಗಿಯಾಗದಿದ್ದರೆ ಕವಾಟಗಳನ್ನು ನೋಡಬೇಕು.

ಇಂಧನದ ಕಡೆಯ ತೊಂದರೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಟ್ಯಾಂಕ್ ಮುಚ್ಚಳದ್ದು. ಪೀಣ್ಯದಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬೈಕು ದಿನವೂ ಯಶವಂತಪುರ ತಲುಪುವ ಹೊತ್ತಿಗೆ ನಿಲ್ಲುತ್ತಿತ್ತು. ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಮೂರು ಸಲ ಕಾರ್ಬುರೇಟರ್ ತೊಳೆಸಿದ್ದ. ಮುಚ್ಚಳದಲ್ಲಿನ ಗಾಳಿರಂಧ್ರ ಧೂಳಿನಿಂದ ಮುಚ್ಚಿಹೋಗಿತ್ತು, ಅಷ್ಟೆ. ಲೆಕ್ಕ ಹಾಕಿ ನೋಡಿ. ಕಾರ್ಬುರೇಟರಿಗಿಂತ ಪೆಟ್ರೋಲಿನ ಮಟ್ಟ 25 ಸೆಂ.ಮೀ. ಮೇಲಿದ್ದರೆ, ಆ ಕಂಬದ ಒತ್ತಡ ಸುಮಾರು 1,800 ಪ್ಯಾಸ್ಕಲ್. ಬೆಂಗಳೂರಿನ ವಾಯುಮಂಡಲದ ಒತ್ತಡದ ಶೇಕಡಾ 2 ಮಾತ್ರ. ಟ್ಯಾಂಕಿನೊಳಗಿನ 5 ಲೀಟರ್ ಗಾಳಿ ಶೇಕಡಾ 2ರಷ್ಟು ಹಿಗ್ಗಿದರೆ, ಎಂದರೆ 100 ಮಿ.ಲೀ. ಪೆಟ್ರೋಲ್ ಇಳಿದರೆ, ಹರಿವು ನಿಲ್ಲಬೇಕು. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿಗೆ ಅದು 5 ಕಿ.ಮೀ. ದಾರಿ. ಪೆಟ್ರೋಲ್ ಆವಿ ಆ ಕೊರತೆಯನ್ನು ಭಾಗಶಃ ತುಂಬುವುದರಿಂದ ದೂರ ಇನ್ನೂ ಸ್ವಲ್ಪ ಹೆಚ್ಚುತ್ತದೆ. ನಿಂತಾಗ ಸಂದುಗಳಿಂದ ಗಾಳಿ ನಿಧಾನವಾಗಿ ಒಳಸೇರಿ ಬೈಕು 'ತಾನಾಗಿ' ಗುಣವಾಗುತ್ತದೆ.

ಆದರೆ ಬಿಸಿಯಾದಾಗ ನಿಂತು ಆರಿದಾಗ ಹೊರಡುವ ಇನ್ನೊಂದು ರೋಗವೂ ಇದೆ. ಪಲ್ಸರ್ ಕಾಯಿಲ್‌ನ ಕೂದಲಿನಂಥ ತಂತಿ ಎಲ್ಲೋ ಬಿರುಕು ಬಿಟ್ಟು, ಕಾದು ಹಿಗ್ಗಿದಾಗ ಬೇರ್ಪಡುತ್ತದೆ. ಬೈಕು ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆರೆಯಿರಿ. ಪುಸ್ಸೆಂದು ಗಾಳಿ ಒಳನುಗ್ಗಿ, ಒಂದೆರಡು ನಿಮಿಷದಲ್ಲಿ ಹೊರಟರೆ ಮುಚ್ಚಳದ ದೋಷ. ಹೊರಡದಿದ್ದರೆ ಮಲ್ಟಿಮೀಟರ್ ತನ್ನಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.39 ಏರುತ್ತದೆ. 25 ಡಿಗ್ರಿಯಲ್ಲಿ 200 ಓಮ್ ಇದ್ದ ಕಾಯಿಲ್ 85 ಡಿಗ್ರಿಯಲ್ಲಿ 247 ಓಮ್ ತೋರಿದರೆ ಅದು ಸಹಜ; ಅನಂತ ತೋರಿದರೆ ತಂತಿ ತುಂಡಾಗಿದೆ.

ಇತ್ತೀಚಿನ ವರ್ಷಗಳ ಹೊಸ ಸಂಗತಿ ಎಥೆನಾಲ್. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿ 6ರಂದು ಬಿಡುಗಡೆಯಾದದ್ದು ಪೀಣ್ಯದಿಂದ ಅಷ್ಟೇನೂ ದೂರವಿಲ್ಲದ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಎಥೆನಾಲಿಗೆ 9 ಪಟ್ಟು ಸಾಕು, ಈ ಮಿಶ್ರಣಕ್ಕೆ ಸುಮಾರು 13.5. ಹಳೆಯ ಕಾರ್ಬುರೇಟರ್‌ನ ಜೆಟ್‌ಗೆ ಇದು ತಿಳಿಯದು. ಆದ್ದರಿಂದ ಮಿಶ್ರಣ ಸುಮಾರು ಶೇಕಡಾ 8 ತೆಳುವಾಗುತ್ತದೆ. ಸ್ವಾರಸ್ಯವೆಂದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ವಿರಳವಾಗಿರುವುದರಿಂದ, ಕಡಲಮಟ್ಟಕ್ಕೆ ಹೊಂದಿಸಿದ ಜೆಟ್ ಮಿಶ್ರಣವನ್ನು ಶೇಕಡಾ 4ರಷ್ಟು ದಟ್ಟಗೊಳಿಸುತ್ತದೆ. ಅರ್ಧ ಪೆಟ್ಟನ್ನು ನಮ್ಮ ಊರಿನ ಎತ್ತರವೇ ತಡೆಯುತ್ತದೆ ಎನ್ನಬಹುದು. ಅದೇ ಬೈಕು ಮಂಗಳೂರಿನಲ್ಲಿ ಹೆಚ್ಚು ಗೊಣಗೀತು. ಜೊತೆಗೆ ಎಥೆನಾಲ್‌ನ ಆವೀಕರಣದ ಗುಪ್ತೋಷ್ಣ ಪೆಟ್ರೋಲಿನ ಸುಮಾರು ಎರಡೂವರೆ ಪಟ್ಟು. ಚಳಿಯಲ್ಲಿ ಹಳೆಯ ಬೈಕಿಗೆ ಚೋಕ್ ಹೆಚ್ಚು ಹೊತ್ತು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಎಥೆನಾಲ್ ನೀರನ್ನು ಸೆಳೆಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಬೈಕಿನ ಟ್ಯಾಂಕಿಗೆ ನೀರಿಳಿದರೆ ಎಥೆನಾಲ್ ನೀರಿನೊಂದಿಗೆ ಸೇರಿ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಮೊದಲು ಸಿಗುವುದು ಆ ತಳದ ದ್ರವವೇ. ಶಿಕ್ಷಕರು ಇದನ್ನು ತೋರಿಸಬಹುದು. 100 ಮಿ.ಲೀ. ಪೆಟ್ರೋಲಿಗೆ 10 ಮಿ.ಲೀ. ನೀರು ಸೇರಿಸಿ, ಕುಲುಕಿ, ಅಳತೆಯ ಜಾಡಿಯಲ್ಲಿ ನಿಲ್ಲಿಸಿ. ಎಥೆನಾಲ್ ಇಲ್ಲದಿದ್ದರೆ ಕೆಳಪದರ 10 ಮಿ.ಲೀ. ಆಗಿಯೇ ಉಳಿಯುತ್ತದೆ, ಶೇಕಡಾ 20 ಇದ್ದರೆ 30ರ ಸಮೀಪಕ್ಕೆ ಬೆಳೆಯುತ್ತದೆ. ಬಯಲಿನಲ್ಲಿ, ಬೆಂಕಿಯಿಂದ ದೂರ, ಶಿಕ್ಷಕರ ಕೈಯಲ್ಲೇ ಇದು ನಡೆಯಬೇಕು.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಇಂದಿಗೂ ಓಡಿಸುವವರಿದ್ದಾರೆ. ಅವು ಎರಡು ಹೊಡೆತದ ಎಂಜಿನ್‌ಗಳು, ಕವಾಟಗಳೇ ಇಲ್ಲ. ಅಲ್ಲಿ ಕ್ರ್ಯಾಂಕ್‌ನ ಎಣ್ಣೆ ಸೀಲ್‌ಗಳನ್ನೂ ಅನುಮಾನಿಸಬೇಕು. 2020ರ ಏಪ್ರಿಲ್‌ನ ಬಿಎಸ್-6 ನಿಯಮದ ನಂತರದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇಂಧನ ಚಿಮ್ಮಿಸುವ ವಿದ್ಯುತ್ ಪಂಪ್ ಇದೆ. ಕೀ ತಿರುಗಿಸಿದಾಗ ಅದರ ಸಣ್ಣ ಗುಂಯ್ ಸದ್ದು ಕೇಳದಿದ್ದರೆ ಮೊದಲು ಬ್ಯಾಟರಿ ಮತ್ತು ಫ್ಯೂಸ್ ನೋಡಿ.

ಹಳೆಯ ಬೈಕು ಕೊಳ್ಳಲು ಹೋದಾಗ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರುವವನು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿಟ್ಟಿದ್ದಾನೆ. ಪೂರ್ತಿ ಆರಿದ ಮೇಲೆ ಮತ್ತೆ ಬರುತ್ತೇನೆಂದು ಹೇಳಿ. ಚಳಿಯ ಬೆಳಿಗ್ಗೆ ಹೊರಬರುವ ಬಿಳಿ ಹೊಗೆಗೆ ಹೆದರಬೇಡಿ: 1 ಕಿಲೋ ಪೆಟ್ರೋಲ್ ಉರಿದರೆ ಸುಮಾರು 1.4 ಕಿಲೋ ನೀರು ಹುಟ್ಟುತ್ತದೆ, ಅದೇ ಹಬೆ. ಎಂಜಿನ್ ಕಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಅದು ಉರಿಯುತ್ತಿರುವ ಎಣ್ಣೆ. ಕಪ್ಪಾಗಿದ್ದರೆ ಹೆಚ್ಚಾದ ಪೆಟ್ರೋಲ್. ಎರಡನೆಯದು ಕಾರ್ಬುರೇಟರ್‌ನ ಸಣ್ಣ ಕೆಲಸ, ಮೊದಲನೆಯದಕ್ಕೆ ಎಂಜಿನ್ ಬಿಚ್ಚಬೇಕಾದೀತು. ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.