ಎಣ್ಣೆ ಹಚ್ಚಿದರೆ ತುರಿಕೆ ಹೋಗುವುದೇ?

ಕಳೆದ ಚಳಿಗಾಲದಲ್ಲಿ ಅಜ್ಜಿಯೊಬ್ಬರು ಎಂಟು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಮಗುವಿನ ಕೆನ್ನೆಗಳು ಕೆಂಪಾಗಿ ಬಿರಿದಿದ್ದವು. ಮೊಣಕಾಲುಗಳ ಮೇಲೆ ಒರಟು ಹೊಪ್ಪಳೆ. ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತಿತ್ತಂತೆ.

"ಏನು ಹಚ್ಚುತ್ತಿದ್ದೀರಿ ಅಜ್ಜಿ?"

"ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ತೀನಿ ಡಾಕ್ಟ್ರೇ. ನನ್ನ ನಾಲ್ಕು ಮಕ್ಕಳಿಗೂ ಅದನ್ನೇ ಹಚ್ಚಿದ್ದು."

ಅಜ್ಜಿಯ ಔಷಧದಲ್ಲಿ ಅರ್ಧ ಸರಿ, ಅರ್ಧ ಅಪಾಯ!

ಅಪಾಯದ್ದು ಕರ್ಪೂರ. ಹಚ್ಚಿದಾಗ ತಂಪೆನಿಸಿ ತುರಿಕೆ ಮರೆಸುತ್ತದೆ, ನಿಜ. ಆದರೆ ಅದು ಚರ್ಮದ ಮೂಲಕ ಒಳಸೇರುತ್ತದೆ, ಬಿರಿದ ಚರ್ಮದಲ್ಲಿ ಇನ್ನೂ ಹೆಚ್ಚಾಗಿ. ಎಳೆಯ ಮಕ್ಕಳಲ್ಲಿ ಫಿಟ್ಸ್ ತರಬಲ್ಲದು. ಬಾಯಿಗೆ ಹೋದರಂತೂ ಸ್ವಲ್ಪವೇ ಸಾಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ ಬೆರೆತ ಎಣ್ಣೆ, ಮುಲಾಮು ಯಾವುದೂ ಬೇಡ.

ಇನ್ನು ಸರಿಯಾದ ಅರ್ಧ. ನಮ್ಮ ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯಂತೆ. ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡಿನಂಶವೇ ಗಾರೆ. ಇಸುಬು ಇರುವ ಮಕ್ಕಳಲ್ಲಿ ಈ ಗಾರೆ ಸಡಿಲ. ಒಳಗಿನ ತೇವ ಆರಿಹೋಗುತ್ತದೆ. ಹೊರಗಿನ ಸೋಪು, ಧೂಳು ಒಳಹೊಕ್ಕು ಕೆರಳಿಸುತ್ತವೆ. ಎಣ್ಣೆ ಆ ಬಿರುಕನ್ನು ಮುಚ್ಚಿ ತೇವವನ್ನು ಹಿಡಿದಿಡುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಇಸುಬಿನ 117 ಮಕ್ಕಳ ಮೇಲೆ ಎಂಟು ವಾರ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಜಾ ತೆಂಗಿನಕಾಯಿಯ ವರ್ಜಿನ್ ಎಣ್ಣೆ ಖನಿಜ ತೈಲಕ್ಕಿಂತ ಹೆಚ್ಚು ಗುಣ ತೋರಿತು.

ಆದರೆ ಎಣ್ಣೆಯಲ್ಲಿ ನೀರಿಲ್ಲ. ಇರುವ ತೇವವನ್ನಷ್ಟೇ ಅದು ಕಾಯಬಲ್ಲದು. ನಮ್ಮಲ್ಲಿ ಎಣ್ಣೆ ಹಚ್ಚುವುದು ಸ್ನಾನಕ್ಕೆ ಮೊದಲು, ಆಮೇಲೆ ಸೀಗೆಪುಡಿ ಹಾಕಿ ತಿಕ್ಕಿ ತೆಗೆಯುತ್ತೇವೆ. ಆರೋಗ್ಯವಂತರ ಅಭ್ಯಂಜನಕ್ಕೆ ನನ್ನ ಅಡ್ಡಿಯಿಲ್ಲ (ದೀಪಾವಳಿಗೆ ನಾನೂ ಮಾಡುತ್ತೇನೆ!). ಇಸುಬಿಗೆ ಮಾತ್ರ ಕ್ರಮ ತಿರುಗಬೇಕು: ಉಗುರುಬೆಚ್ಚಗಿನ ನೀರಿನ ಚಿಕ್ಕ ಸ್ನಾನ, ಟವೆಲಿನಿಂದ ಮೆಲ್ಲಗೆ ಒತ್ತಿ, ಮೈ ಇನ್ನೂ ಒದ್ದೆ ಇರುವಾಗಲೇ ತೆಳುವಾಗಿ ಎಣ್ಣೆ. ಸುಗಂಧ ಬೆರೆಸಿದ ಕೇಶತೈಲ ಬೇಡ.

ಎಲ್ಲ ಎಣ್ಣೆಯೂ ಒಂದೇ ಅಲ್ಲ. ಸಾಸಿವೆ ಎಣ್ಣೆಯ ಖಾರ ಕೆರಳಿದ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ದುಬಾರಿ ಆಲಿವ್ ಎಣ್ಣೆ ತಂದು ಮಗುವಿಗೆ ಹಚ್ಚುವವರಿದ್ದಾರೆ. ದೊಡ್ಡವರ ಚರ್ಮದ ಮೇಲೆ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ ಅದು ಆ ಗಾರೆಯನ್ನೇ ಸಡಿಲಿಸುತ್ತದೆ, ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಬೇವಿನೆಣ್ಣೆ ಕೆಲವರಿಗೆ ಒಗ್ಗದೆ ಗುಳ್ಳೆ ಏಳುತ್ತದೆ. ಮಕ್ಕಳಿಗೆ ಅದನ್ನು ಕುಡಿಸುವುದಂತೂ ಖಂಡಿತ ಕೂಡದು. ಬೇವಿನೆಣ್ಣೆ ಕುಡಿಸಿದ ಎಳೆಯ ಮಕ್ಕಳಿಗೆ ವಾಂತಿ, ಫಿಟ್ಸ್ ಬಂದು ಯಕೃತ್ತು, ಮಿದುಳಿಗೆ ಪೆಟ್ಟಾದದ್ದನ್ನು ಮಲೇಷ್ಯಾದ ವೈದ್ಯರು 1981ರಲ್ಲೇ ವರದಿ ಮಾಡಿದ್ದಾರೆ.

ತುರಿಕೆ ಎಲ್ಲವೂ ಇಸುಬಲ್ಲ ಎಂಬುದನ್ನೂ ಹೇಳಬೇಕು. ರಾತ್ರಿ ತುರಿಕೆ ಹೆಚ್ಚೇ? ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಗುಳ್ಳೆಗಳಿವೆಯೇ? ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದಾರೆಯೇ? ಹಾಗಿದ್ದರೆ ಅದು ನುಸಿಯಿಂದ ಬರುವ ಕಜ್ಜಿ ಇರಬಹುದು. ಎಷ್ಟು ಎಣ್ಣೆ ಸವರಿದರೂ ಹೋಗದು. ಮನೆಮಂದಿಯೆಲ್ಲ ಒಂದೇ ರಾತ್ರಿ ಪರ್ಮೆಥ್ರಿನ್ ಮುಲಾಮು ಹಚ್ಚಿ ವಾರದ ನಂತರ ಮತ್ತೆ ಹಚ್ಚಬೇಕಾಗುತ್ತದೆ. ಚಕ್ರದಂತೆ ಹರಡುವ ಹುಳುಕಡ್ಡಿಗೂ ಎಣ್ಣೆ ಮದ್ದಲ್ಲ. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಕ್ರೀಮು ಅದನ್ನು ನಾಲ್ಕು ದಿನ ಅಡಗಿಸಿ ಆಮೇಲೆ ಮೈತುಂಬ ಹರಡಿಸುತ್ತದೆ. ನೀರು ಒಸರಿ ಹಳದಿ ಹಕ್ಕಳೆ ಕಟ್ಟಿದರೆ, ಜೊತೆಗೆ ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ.

ಅಜ್ಜಿಯ ಮೊಮ್ಮಗನಿಗೆ ಕೆಂಪಾದ ಕಡೆ ಒಂದು ವಾರ ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಮುಲಾಮು ಕೊಟ್ಟೆ. ಬರೀ ಕೊಬ್ಬರಿ ಎಣ್ಣೆ ದಿನಕ್ಕೆರಡು ಸಲ, ಒದ್ದೆ ಮೈಗೆ. ಎರಡನೇ ವಾರಕ್ಕೆ ಮಗು ರಾತ್ರಿಯಿಡೀ ಮಲಗತೊಡಗಿತು. ಕರ್ಪೂರದ ಎಣ್ಣೆಯನ್ನು ಅಜ್ಜಿ ಚೆಲ್ಲಲಿಲ್ಲ. ಅದು ಅವರ ಮಂಡಿನೋವಿಗೆ ಮೀಸಲಾಗಿ, ಮಗುವಿನ ಕೈಗೆಟುಕದ ಮೇಲಿನ ಗೂಡಿನಲ್ಲಿದೆಯಂತೆ.